ವಿಳಾಸವಿಲ್ಲದ ಎಣ್ಣೆ

ಮಾರ್ಚ್ 3, ಸೋಮವಾರ

ಇಂದು ನೂರ ಮೂವತ್ತೊಂದು. ಬಚ್ಚಲಿನ ಜಾಲರಿಯಲ್ಲಿ ಎಂಬತ್ತೆಂಟು, ಬಾಚಣಿಗೆಯಲ್ಲಿ ಮೂವತ್ತೆರಡು, ದಿಂಬಿನ ಮೇಲೆ ಹನ್ನೊಂದು. ಬಿಳಿ ಕರವಸ್ತ್ರದ ಮೇಲೆ ಹರಡಿ, ಕಚೇರಿಯಿಂದ ತಂದ ಭೂತಗನ್ನಡಿ ಹಿಡಿದು ಎರಡು ಸಲ ಎಣಿಸಿದ್ದೇನೆ. ದಿನಕ್ಕೆ ನೂರರವರೆಗೆ ಉದುರಿದರೆ ತಲೆ ಕೆಡಿಸಿಕೊಳ್ಳಬೇಡಿ ಎಂದು ಡಾಕ್ಟರಮ್ಮ ಹೇಳಿದರು. ನೂರೇ ಏಕೆ? ಅವರೇನು ಕೂತು ಎಣಿಸಿದ್ದಾರೆಯೇ? ರಕ್ತದಲ್ಲಿ ಕಬ್ಬಿಣ ಕಡಿಮೆಯಿದೆ ಎಂದು ಮಾತ್ರೆ ಬರೆದುಕೊಟ್ಟಿದ್ದಾರೆ. ನುಂಗುತ್ತಿದ್ದೇನೆ, ನಂಬಿಕೆಯಿಂದಲ್ಲ. ಅವರ ಜಡೆ ಸೊಂಟ ಮುಟ್ಟುತ್ತದೆ. ಅಂಥವರಿಗೆ ನನ್ನ ಕಷ್ಟ ಹೇಗೆ ತಿಳಿದೀತು?

ಲೆಕ್ಕ ತಪ್ಪಬಾರದೆಂದು ಈ ದಿನಚರಿ. ನೆತ್ತಿಯ ಮೇಲೆ ಎರಡು ಬೆರಳಗಲ ಜಾಗದಲ್ಲಿ ಚರ್ಮ ಕಾಣಿಸುತ್ತಿದೆ. ಎರಡು ಕನ್ನಡಿ ಹಿಡಿದರೆ ಮಾತ್ರ ಕಾಣುತ್ತದೆ. ಇವರನ್ನು ಕೇಳಿದರೆ, ಚೆನ್ನಾಗೇ ಇದೆಯಲ್ಲ ಎನ್ನುತ್ತಾರೆ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಇವರು ನನ್ನ ತಲೆಯ ಬಗ್ಗೆ ಒಂದು ಒಳ್ಳೆಯ ಮಾತು ಆಡಿದವರಲ್ಲ. ಈಗ ಹೊಗಳುತ್ತಿದ್ದಾರೆ ಎಂದರೆ ಪರಿಸ್ಥಿತಿ ಕೈಮೀರಿದೆ ಎಂದೇ ಅರ್ಥ.

ಮಾರ್ಚ್ 6, ಗುರುವಾರ

ನೂರ ಇಪ್ಪತ್ತೆಂಟು.

ಅನುಮಾನಪಡುವುದು ನನ್ನ ಹೊಟ್ಟೆಪಾಡು. ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ, ಬಟವಾಡೆಯಾಗದೆ ಉಳಿದ ಪತ್ರಗಳ ವಿಭಾಗದಲ್ಲಿ ಇಪ್ಪತ್ತೊಂದು ವರ್ಷದಿಂದ ಕೂತಿದ್ದೇನೆ. ಊರಿನ ಕಾಗೆ ಕಾಲು ಗುಬ್ಬಿ ಕಾಲೆಲ್ಲ ನನ್ನ ಮೇಜಿಗೇ ಬರುತ್ತದೆ. ಮಸಿ ಹರಡಿದ ವಿಳಾಸ, ಅರ್ಧ ಹರಿದ ವಿಳಾಸ, ‘ನೀಲಿ ಬಾಗಿಲ ಮನೆ ಅಜ್ಜಿಗೆ’ ಎಂಬಷ್ಟೇ ವಿಳಾಸ. ಕೈಬರಹ ನೋಡಿ ಬರೆದವರ ವಯಸ್ಸು, ಶಾಲೆ, ಅವಸರ, ಸುಳ್ಳು ಎಲ್ಲ ಹೇಳಬಲ್ಲೆ. ಅಡ್ರೆಸ್ಸು ಮರೆತು ತಪ್ಪು ಬರೆಯುವವರಿಗಿಂತ ಬೇಕೆಂದೇ ತಪ್ಪು ಬರೆಯುವವರು ಜಾಸ್ತಿ ಎಂಬುದು ನನ್ನ ಅನುಭವ.

ಇಂದು ಮಧ್ಯಾಹ್ನದ ಬಿಡುವಿನಲ್ಲಿ ಮುದ್ರೆಯಣ್ಣ ಈರುಳ್ಳಿ ರಸ ಹಚ್ಚಲು ಹೇಳಿದ. ಮೂವತ್ತು ವರ್ಷದಿಂದ ಲಕೋಟೆಗಳಿಗೆ ಠಪಠಪ ಮುದ್ರೆ ಒತ್ತುವವನು. ತಲೆ ಅವನ ಮುದ್ರೆಯ ಹಿಡಿಯಷ್ಟೇ ನುಣುಪು. ನೀವೇಕೆ ಹಚ್ಚಲಿಲ್ಲ ಎಂದು ಕೇಳಿದೆ. ನನಗೆ ತಡವಾಗಿ ಗೊತ್ತಾಯಿತು ಎಂದ. ಪಕ್ಕದ ಮನೆಯವಳು ದಾಸವಾಳದ ಎಲೆ ಮತ್ತು ಮೆಂತ್ಯ ಅರೆದು ಹಚ್ಚಲು ಹೇಳಿದ್ದಾಳೆ. ಕೇಳದೆ ಯಾಕೆ ಹೇಳಿದಳು? ಅವಳಿಗೆ ಹೇಗೆ ಗೊತ್ತಾಯಿತು? ನಾನು ಬಟ್ಟೆ ಒಣಹಾಕುವಾಗ ಬಗ್ಗುತ್ತೇನೆ, ಅವಳು ಮಹಡಿಯಲ್ಲಿ ನಿಂತಿರುತ್ತಾಳೆ. ಇನ್ನು ಮೇಲೆ ಬಗ್ಗಬಾರದು.

ಮಾರ್ಚ್ 11, ಮಂಗಳವಾರ

ನೂರ ಇಪ್ಪತ್ತಾರು. ಈರುಳ್ಳಿ ಹಚ್ಚಿದ್ದರಿಂದ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ. ಲಾಭ ಅಷ್ಟೇ.

ಕಚೇರಿಗೆ ಹೊಸ ಮೇಲಧಿಕಾರಿ ಬಂದಿದ್ದಾರೆ. ಒಂದು ವರ್ಷ ಮೀರಿದ ಪತ್ರಗಳನ್ನೆಲ್ಲ ಏಪ್ರಿಲ್ ಮೂವತ್ತರೊಳಗೆ ವಿಲೇವಾರಿ ಮಾಡಬೇಕಂತೆ. ಒಂದೋ ಒಡೆದು ನೋಡಿ ವಿಳಾಸ ಹುಡುಕಿ ತಲುಪಿಸಬೇಕು, ಇಲ್ಲವೇ ಚೂರು ಮಾಡುವ ಯಂತ್ರಕ್ಕೆ ಹಾಕಬೇಕು. ನಮ್ಮ ವಿಭಾಗಕ್ಕೆ ಮಾತ್ರ ಲಕೋಟೆ ಒಡೆಯುವ ಅಧಿಕಾರವಿದೆ. ರಿಜಿಸ್ಟರಿನಲ್ಲಿ ‘ವಿಚಾರಣೆಯಲ್ಲಿದೆ’ ಎಂದು ಮೂರು ವರ್ಷದಿಂದ ಕೂತಿರುವ ಒಂದು ಪತ್ರದ ಮೇಲೆ ಅವರು ಬೆರಳಿಟ್ಟು, ಇದೇನು ಎಂದರು. ವಿಚಾರಿಸುತ್ತಿದ್ದೇನೆ ಎಂದೆ. ಮುದ್ರೆಯಣ್ಣ ಕೆಮ್ಮಿದ.

ಯಾರಿಗೂ ತೋರಿಸದ ಪುಸ್ತಕ ಇದು, ಬರೆದೇ ಬಿಡುತ್ತೇನೆ. ಆ ಪತ್ರ ನನ್ನ ಮೇಜಿನ ಕೆಳಗಿನ ಖಾನೆಯಲ್ಲಿದೆ. ಬರೆದವಳು ನನ್ನ ಅಕ್ಕ. ಬರೆದಿದ್ದು ನನಗೆ.

ಮೂರು ವರ್ಷದ ಹಿಂದೆ ಅಮ್ಮ ತೀರಿಕೊಂಡಳು. ಕೊನೆಯ ನಾಲ್ಕು ತಿಂಗಳು ಅಕ್ಕನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ನಾನು ಭಾನುವಾರ ಹೋಗಿ ನೋಡಿ ಬರುತ್ತಿದ್ದೆ. ಅಮ್ಮನ ಜಡೆ ಮೊಣಕಾಲಿನವರೆಗೆ ಇತ್ತು. ಎಪ್ಪತ್ತೆರಡನೇ ವಯಸ್ಸಿನಲ್ಲೂ ಕೈಗೆ ಸಿಕ್ಕರೆ ಹಗ್ಗದ ಹಾಗೆ ದಪ್ಪ. ಒಂದು ಭಾನುವಾರ ಹೋದಾಗ ಅದು ಇರಲಿಲ್ಲ. ಬುಡದಲ್ಲೇ ಕತ್ತರಿಸಿದ್ದರು. ಅಮ್ಮ ತಲೆಯ ಹಿಂದಕ್ಕೆ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದಳು, ಮಾತಾಡಲಿಲ್ಲ. ದಿನಾ ಬಾಚುವುದು ಅಕ್ಕನಿಗೆ ಬೇಸರವಾಗಿರಬೇಕು ಎಂದುಕೊಂಡೆ. ಅಮ್ಮ ಹೋದ ದಿನ, ಬಂದವರೆಲ್ಲ ಕೂತಿರುವಾಗಲೇ ಕೇಳಿದೆ: ‘ಜಡೆ ಎಲ್ಲಿ? ವಿಗ್ ಮಾಡೋರಿಗೆ ಮಾರಿಕೊಂಡ್ಯಾ?’ ಅಕ್ಕ ಉತ್ತರ ಕೊಡಲಿಲ್ಲ. ಎದ್ದು ಒಳಗೆ ಹೋದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲಾದರೂ ಮುಟ್ಟಿ ನೋಡಿಕೊಳ್ಳುತ್ತಾರೆ; ಅವಳು ಅದನ್ನೂ ಮಾಡಲಿಲ್ಲ. ತಪ್ಪಿಲ್ಲದವಳು ಸುಮ್ಮನೆ ಏಕೆ ಹೋಗುತ್ತಾಳೆ?

ಒಂದು ತಿಂಗಳಿಗೆ ಪತ್ರ ಬಂತು. ಲಕೋಟೆಯ ಬರಹ ನೋಡಿದೊಡನೆ ‘ನಿರಾಕರಿಸಲಾಗಿದೆ’ ಎಂದು ಬರೆದು ವಾಪಸು ಕೊಟ್ಟೆ. ಕಳಿಸಿದವರ ವಿಳಾಸ ಬರೆಯುವ ಅಭ್ಯಾಸ ಅಕ್ಕನಿಗೆ ಇಲ್ಲವೇ ಇಲ್ಲ. ಹೀಗಾಗಿ ಅದು ಊರೆಲ್ಲ ಸುತ್ತಿ, ಎಂಟನೇ ದಿನ, ಬಟವಾಡೆಯಾಗದ ಪತ್ರವಾಗಿ ನನ್ನ ಮೇಜಿಗೇ ಬಂದು ಬಿತ್ತು. ಅಂದಿನಿಂದ ವಿಚಾರಣೆಯಲ್ಲಿದೆ.

ಮಾರ್ಚ್ 20, ಗುರುವಾರ

ನೂರ ಇಪ್ಪತ್ತೊಂಬತ್ತು.

ಇವರು ಒಂದು ಬಾಟಲಿ ತಂದಿದ್ದಾರೆ. ಹಳೆಯ ಕೆಮ್ಮಿನ ಔಷಧಿಯ ಬಾಟಲಿ, ಮುಚ್ಚಳದ ಬದಲು ಬಟ್ಟೆಯ ಬಿರಡೆ, ಕತ್ತಿಗೆ ಸೆಣಬಿನ ದಾರ. ಒಳಗೆ ಹಸಿರುಗಪ್ಪು ಎಣ್ಣೆ. ಹೆಸರಿಲ್ಲ, ಚೀಟಿಯಿಲ್ಲ, ತಯಾರಿಸಿದವರ ವಿಳಾಸವಿಲ್ಲ. ಎರಡು ದಿನಕ್ಕೊಮ್ಮೆ ಬೆಚ್ಚಗೆ ಮಾಡಿ ಹಚ್ಚಬೇಕಂತೆ.

ಎಲ್ಲಿಂದ ತಂದಿರಿ ಎಂದೆ. ಡಿಪೋದ ಹಿಂದೆ ನೀರಿನ ಟ್ಯಾಂಕ್ ಇದೆ, ಅದರ ನೆರಳಿನಲ್ಲಿ ಒಬ್ಬ ಮುದುಕ ಕೂರುತ್ತಾನೆ, ಹಸಿರು ಕೊಡೆ, ಕನ್ನಡಕದ ಎಡಗಾಜು ಒಡೆದಿದೆ, ಮೂರು ತಲೆಮಾರಿನಿಂದ ಸೊಪ್ಪುಸದೆಯ ಔಷಧಿ ಮಾಡುವ ಮನೆತನ ಎಂದರು. ಇವರು ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವವರು. ಸುಳ್ಳು ಹೇಳಲು ಬರುವುದಿಲ್ಲ. ಹೇಳಿದರೆ ಅದಕ್ಕೂ ನಾಲ್ಕು ನಿಲ್ದಾಣ ಸೇರಿಸಿಬಿಡುತ್ತಾರೆ. ಎಡಗಾಜು ಎಂದಾಗಲೇ ನನಗೆ ಗೊತ್ತಾಯಿತು, ಏನೋ ಮಸಲತ್ತಿದೆ.

ಮಾರ್ಚ್ 23, ಭಾನುವಾರ

ಮೊದಲು ಎಣ್ಣೆಯನ್ನು ಇವರ ಮಣಿಕಟ್ಟಿಗೆ ಹಚ್ಚಿ ಎರಡು ದಿನ ಕಾದೆ. ಏನೂ ಆಗಲಿಲ್ಲ. ಆಮೇಲೆ ನನ್ನ ಕಿವಿಯ ಹಿಂದೆ ಹಚ್ಚಿ ನೋಡಿದೆ. ಆಗಲೂ ಏನೂ ಆಗಲಿಲ್ಲ. ಇಂದು ತಲೆಗೆ. ಗರುಗದ ಸೊಪ್ಪಿನ ವಾಸನೆ ಖಂಡಿತ ಇದೆ, ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ ಬಿಳಿ ಹೂವಿನ ಗಿಡ. ಮೆಂತ್ಯ ಇದೆ. ಇನ್ನೊಂದೇನೋ ಇದೆ, ಗೊತ್ತಿರುವ ವಾಸನೆ, ಹೆಸರು ನಾಲಿಗೆಯ ತುದಿಯಲ್ಲಿದೆ, ಹೊರಗೆ ಬರುವುದಿಲ್ಲ. ಹಚ್ಚಿಕೊಂಡು ಕೂತವಳಿಗೆ ಹಗಲೇ ನಿದ್ದೆ ಬಂತು. ಅಮಲು ಬರಿಸುವಂಥದ್ದೇನಾದರೂ ಬೆರೆಸಿರಬಹುದೇ?

ಏಪ್ರಿಲ್ 2, ಬುಧವಾರ

ನೂರ ನಾಲ್ಕು.

ಮಾತ್ರೆಯಿಂದಲೋ, ಎಣ್ಣೆಯಿಂದಲೋ, ಎಣಿಸುವಾಗ ನನ್ನ ಕಣ್ಣು ಮಂಜಾಗಿಯೋ? ಮೂರರಲ್ಲಿ ಒಂದು. ಇವರು ಸಂಜೆ ಬಂದವರೇ, ಇವತ್ತು ಎಷ್ಟು ಎಂದು ಕೇಳಿದರು. ಹೇಳಿದೆ. ಮುಖ ಅರಳಿತು. ಯಾರಿಗೋ ಹೋಗಿ ವರದಿ ಒಪ್ಪಿಸಬೇಕಾದವರ ಹಾಗೆ, ನೂರ ನಾಲ್ಕು ನೂರ ನಾಲ್ಕು ಎಂದು ಎರಡು ಸಲ ಬಾಯಲ್ಲಿ ಹೇಳಿಕೊಂಡರು. ಇವರ ಹೆಂಡತಿಯ ಕೂದಲು ಎಷ್ಟು ಉದುರಿತು ಎಂದು ಆ ಒಡೆದ ಕನ್ನಡಕದ ಮುದುಕನಿಗೆ ಯಾಕೆ ಬೇಕು?

ಏಪ್ರಿಲ್ 9, ಬುಧವಾರ

ತೊಂಬತ್ತೊಂದು.

ಅರ್ಧ ದಿನ ರಜೆ ಹಾಕಿ ಡಿಪೋದ ಹಿಂದೆ ಹೋಗಿದ್ದೆ. ನೀರಿನ ಟ್ಯಾಂಕ್ ಇಲ್ಲ. ಹಳೆಯ ಟೈರುಗಳ ರಾಶಿ ಇದೆ, ಅದರ ಮೇಲೊಂದು ನಾಯಿ ಮಲಗಿದೆ. ಹಸಿರು ಕೊಡೆಯೂ ಇಲ್ಲ, ಮುದುಕನೂ ಇಲ್ಲ. ಕಾವಲಿನವನನ್ನು ಕೇಳಿದರೆ, ಇಪ್ಪತ್ತು ವರ್ಷದಿಂದ ಇಲ್ಲಿ ಟೈರು ಬಿಟ್ಟರೆ ಬೇರೇನೂ ಕೂತಿಲ್ಲ ಎಂದ. ಇವರು ನನಗೆ ಟೋಪಿ ಹಾಕಿದ್ದಾರೆ. ಈ ತಲೆಗೆ ಈಗ ಟೋಪಿ ಬೇಕಾದದ್ದು ನಿಜವೇ, ಆದರೆ ಗಂಡನ ಕೈಯಿಂದಲ್ಲ.

ಮನೆಗೆ ಬಂದು ಏನೂ ಹೇಳಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೇನೆ. ತಲೆಗೂ ಬಿಟ್ಟುಕೊಂಡೆ, ಇಂದು ಹಚ್ಚುವ ದಿನ.

ಏಪ್ರಿಲ್ 15, ಮಂಗಳವಾರ

ಎಂಬತ್ತಾರು. ಎರಡನೇ ಬಾಟಲಿ ಬಂತು. ಈ ಸಲ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿತ್ತು. ಇವರು ಕೈಕಾಲು ತೊಳೆಯಲು ಹೋದಾಗ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಕೂದಲು ಸಿಕ್ಕಿತು. ಉದ್ದ, ಒರಟು, ಪೂರ್ತಿ ನೆರೆತದ್ದು. ನನ್ನದಲ್ಲ. ಹೆಂಗಸಿನದು.

ಭೂತಗನ್ನಡಿಯಲ್ಲಿ ಹತ್ತು ನಿಮಿಷ ನೋಡಿದೆ. ಇವರಿಗೆ ಬೇರೆ ಸಂಬಂಧ ಇದೆ ಎಂದಾದರೆ ಆಕೆಗೆ ಐವತ್ತು ದಾಟಿದೆ, ಮತ್ತು ನನ್ನ ಕೂದಲಿನ ಬಗ್ಗೆ ಆಕೆಗೆ ವಿಪರೀತ ಕಾಳಜಿ ಇದೆ. ಇಂಥ ಸವತಿಯನ್ನು ನಾನು ಎಲ್ಲೂ ಕೇಳಿಲ್ಲ. ನಗು ಬಂತು. ಆಮೇಲೆ ನಗು ಬಂದದ್ದಕ್ಕೇ ಸಿಟ್ಟು ಬಂತು.

ಏಪ್ರಿಲ್ 22, ಮಂಗಳವಾರ

ಸಿಕ್ಕಿತು.

ಮೂರನೇ ಬಾಟಲಿ. ಇವರು ಪ್ರತಿ ಸಲವೂ ಚೀಟಿ ಕಿತ್ತು ತರುತ್ತಿದ್ದರೇನೋ, ಇಂದು ಅವಸರದಲ್ಲಿ ಮರೆತಿದ್ದಾರೆ. ಸೆಣಬಿನ ದಾರದ ಅಡಿಯಲ್ಲಿ, ನಾಲ್ಕು ಮಡಿಕೆ ಮಾಡಿದ ಗೆರೆ ಹಾಳೆ. ಇದ್ದದ್ದು ಇದ್ದ ಹಾಗೆ ಇಳಿಸುತ್ತೇನೆ:

‘ಈ ಸಲ ಯೆಣ್ಣೆ ಸ್ವಲ್ಪ ಗಟ್ಟಿ ಇದೆ. ಬೆಚ್ಚಗೆ ಮಾಡಿ. ಯೆರಡು ಸುಳಿಯ ನಡುವೆ ಮೊದಲು ಹಚ್ಚಬೇಕು. ಉಗುರು ತಾಗಿಸಬೇಡಿ, ಅವಳಿಗೆ ನೋಯುತ್ತೆ.’

ಯೆಣ್ಣೆ. ಯೆರಡು.

ಅಮ್ಮ ‘ಎ’ ಬರೆಯುವ ಕಡೆಯೆಲ್ಲ ‘ಯೆ’ ಬರೆಯುತ್ತಿದ್ದಳು. ಬಾಯಲ್ಲಿ ಬಂದ ಹಾಗೆ ಕೈಯಲ್ಲಿ. ಅಕ್ಕನಿಗೆ ಅಕ್ಷರ ಕಲಿಸಿದ್ದು ಅಮ್ಮ, ನನಗೆ ಕಲಿಸಿದ್ದು ಅಕ್ಕ, ಹೀಗಾಗಿ ನಾನೂ ಹಾಗೇ ಬರೆಯುತ್ತಿದ್ದೆ. ಎರಡನೇ ತರಗತಿಯ ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ, ಎಣ್ಣೆ, ಎರಡು, ಎಲೆ ಎಂದು ನೂರು ಸಲ ಬರೆಸಿದರು. ಆಮೇಲೆ ನನ್ನ ಕೈಯಿಂದ ಆ ತಪ್ಪು ಬಂದಿಲ್ಲ. ಈ ಪುಸ್ತಕವನ್ನೇ ಹುಡುಕಿದರೂ ನನ್ನದಾಗಿ ಒಂದು ಸಿಗದು. ಅಕ್ಕನಿಗೆ ಅಂಥ ಮೇಷ್ಟ್ರು ಸಿಗಲಿಲ್ಲ. ನಾನು ಹುಟ್ಟಿದ ವರ್ಷ ಅವಳು ಐದನೇ ತರಗತಿಗೆ ಶಾಲೆ ಬಿಟ್ಟಿದ್ದಳು. ಅಮ್ಮ ಗಿರಣಿಯ ಕೆಲಸಕ್ಕೆ ಹೋದರೆ ನನ್ನನ್ನು ನೋಡಿಕೊಳ್ಳಲು ಯಾರಾದರೂ ಬೇಕಿತ್ತಲ್ಲ.

ಮತ್ತೆ, ನನ್ನ ನೆತ್ತಿಯಲ್ಲಿ ಎರಡು ಸುಳಿ ಇದೆ ಎಂದು ಜಗತ್ತಿನಲ್ಲಿ ಬೇರೆ ಯಾರಿಗೆ ಗೊತ್ತು? ಇವರಿಗೂ ಗೊತ್ತಿಲ್ಲ. ಅಳುವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಲೆ ಸವರಿದವರಿಗೆ ಮಾತ್ರ ಗೊತ್ತು. ದಾರ ನೋಡಿದಾಗಲೇ ತಿಳಿಯಬೇಕಿತ್ತು. ಅಕ್ಕ ತಾನು ಕೆಲಸ ಮಾಡುವ ನರ್ಸರಿಯಲ್ಲಿ ಸಸಿಗಳನ್ನು ಕೋಲಿಗೆ ಕಟ್ಟುವುದು ಇದೇ ಸೆಣಬಿನಲ್ಲಿ. ಊರಿನ ಬರಹವನ್ನೆಲ್ಲ ಓದುವವಳು ಒಂದು ತಿಂಗಳು ನನ್ನ ತಲೆಯ ಮೇಲೆ ಏನಿದೆ ಎಂದು ಓದಲಾರದೆ ಹೋದೆ.

ಏಪ್ರಿಲ್ 23, ಬುಧವಾರ

ಬೆಳಿಗ್ಗೆ ಚೀಟಿಯನ್ನು ಇವರ ತಿಂಡಿಯ ತಟ್ಟೆಯ ಪಕ್ಕ ಇಟ್ಟೆ. ಇವರು ನೋಡಿದರು. ಮುದುಕನ ಕನ್ನಡಕ ಸರಿಹೋಯಿತೇ ಎಂದು ಕೇಳಿದೆ. ತಲೆ ತಗ್ಗಿಸಿದರು. ಆಮೇಲೆ ಎಲ್ಲ ಹೇಳಿದರು, ಈ ಸಲ ವಿವರ ಕಡಿಮೆ, ಹೀಗಾಗಿ ನಿಜವೇ ಇರಬೇಕು.

ಮಾರ್ಚ್ ಮೊದಲ ವಾರ ಅಕ್ಕ ನಾನಿದ್ದ ಬಸ್ಸನ್ನೇ ಹತ್ತಿದ್ದಳಂತೆ. ಬೆನ್ನು ಮಾತ್ರ ಕಂಡಿತ್ತು, ನಾನೆಂದು ಗೊತ್ತಿರಲಿಲ್ಲ. ನನ್ನ ಹಿಂದಿನ ಸೀಟಿನಲ್ಲಿ ಕೂತ ಮೇಲೆ ನೆತ್ತಿ ಕಂಡಿದೆ. ಕೂದಲು ತೆಳುವಾಗಿ ಎರಡು ಸುಳಿಯೂ ಎದ್ದು ಕಾಣುತ್ತಿದ್ದವು. ಸುಳಿ ನೋಡಿ ಗುರುತು ಹಿಡಿದಳು.

‘ಹನ್ನೊಂದು ಸ್ಟಾಪು ನಿನ್ನ ಹಿಂದೇನೇ ಕೂತಿದ್ರಂತೆ,’ ಎಂದರು ಇವರು. ‘ಒಂದು ಸಲ ಕೈ ಕೂಡ ಚಾಚಿದ್ರಂತೆ. ಆಮೇಲೆ ಸುಮ್ಮನೆ ಇಳಿದು, ನಡ್ಕೊಂಡು ಡಿಪೋಗೆ ಬಂದ್ರು. ಅತ್ತಿಗೆ ಅಳ್ತಿದ್ರು ಕಣೇ.’

‘ಮಾತಾಡಿಸಬಹುದಿತ್ತಲ್ಲ.’

‘ಕೇಳಿದೆ. ಮಾತಾಡಿಸಿದ್ರೆ ಅವಳು ಎದ್ದು ಬೇರೆ ಸೀಟಿಗೆ ಹೋಗ್ತಿದ್ಲು, ಅಂದ್ರು. ಬೇರೆ ಸೀಟು ಖಾಲಿ ಇರಲಿಲ್ವಂತೆ. ನಿಂತ್ಕೊಂಡು ಹೋಗ್ತಾಳಲ್ಲ ಅಂತ ಸುಮ್ಮನಾದ್ರಂತೆ.’

ನಾನು ಎದ್ದು ಹೋಗುತ್ತಿದ್ದೆ. ಅದರಲ್ಲಿ ಅನುಮಾನವೇ ಇಲ್ಲ.

ನೀವಿಬ್ಬರೂ ಸೇರಿ ನನಗೆ ಮೋಸ ಮಾಡಿದ್ದೀರಿ ಎಂದೆ. ಇವರು ತಟ್ಟೆ ಎತ್ತಿಕೊಂಡು ಏಳುತ್ತಾ, ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳ್ತಾರಾ, ಅಕ್ಕನ ಎಣ್ಣೆ ಅಂದಿದ್ದರೆ ನೀನು ಮುಟ್ಟುತ್ತಿದ್ದೆಯಾ ಎಂದರು. ಉತ್ತರ ಕೊಡಲಿಲ್ಲ. ಎದ್ದು ಒಳಗೆ ಹೋದೆ.

ಏಪ್ರಿಲ್ 26, ಶನಿವಾರ

ಎಣ್ಣೆ ನಿಲ್ಲಿಸಿದ್ದೇನೆ. ಬಾಟಲಿಯನ್ನು ಕಪಾಟಿನ ಮೇಲೆ ಇಟ್ಟಿದ್ದೇನೆ. ಎಸೆಯಬೇಕೆಂದಿದ್ದೆ, ಗಾಜಿನದು, ಯಾರ ಕಾಲಿಗಾದರೂ ಚುಚ್ಚೀತು.

ಅವಳ ಉದ್ದೇಶವೇನು ಎಂಬುದೇ ಪ್ರಶ್ನೆ. ಜಡೆ ಮಾರಿದ ಪಾಪ ಎಣ್ಣೆಯಲ್ಲಿ ತೊಳೆದುಹೋಗುತ್ತದೆ ಎಂದುಕೊಂಡಿದ್ದಾಳೆಯೇ? ನನ್ನನ್ನು ಮರುಳು ಮಾಡಿ, ನಾನು ಆಡಿದ್ದೇ ತಪ್ಪು ಎಂದು ನನ್ನ ಬಾಯಲ್ಲೇ ಹೇಳಿಸುವ ಹಂಚಿಕೆಯೇ? ‘ಅವಳಿಗೆ ನೋಯುತ್ತೆ’ ಎಂದು ಬರೆದಿದ್ದಾಳೆ. ನನಗೆ ಉಗುರು ತಾಗಿದರೆ ನೋಯುತ್ತದೆ ಎಂದು ನನಗೇ ನೆನಪಿರಲಿಲ್ಲ. ನಿನ್ನೆ ಬಾಚುವಾಗ ತಾಗಿಸಿ ನೋಡಿದೆ. ನೋಯುತ್ತದೆ.

ಬಸ್ಸಿನಲ್ಲಿ ಈಗ ಹಿಂದಿನ ಸೀಟು ಖಾಲಿ ಇರುವ ಕಡೆ ಮಾತ್ರ ಕೂರುತ್ತೇನೆ. ಪ್ರತಿ ನಿಲ್ದಾಣದಲ್ಲೂ ಯಾರು ಹತ್ತಿದರು ಎಂದು ತಿರುಗಿ ನೋಡುತ್ತೇನೆ. ಎಚ್ಚರಿಕೆಗೆ, ಅಷ್ಟೇ. ಎರಡು ದಿನ ಯಾರೂ ಬಂದು ಕೂರಲಿಲ್ಲ.

ಇಂದಿನ ಲೆಕ್ಕ ಎಂಬತ್ತೋ ಎಂಬತ್ತೈದೋ. ಆ ವಾಸನೆಯ ಹೆಸರು ಬೆಳಿಗ್ಗೆ ಹೊಳೆಯಿತು. ಅದು ಸೊಪ್ಪಿನದಲ್ಲ. ಎಣ್ಣೆಯನ್ನು ಹಳೆಯ ಕಬ್ಬಿಣದ ಬಾಣಲೆಯಲ್ಲಿ, ತಳ ಸ್ವಲ್ಪ ಹಿಡಿಯುವವರೆಗೆ ಕಾಯಿಸಿದರೆ ಬರುವ ವಾಸನೆ. ಅಮ್ಮನ ಬಾಣಲೆ.

ಏಪ್ರಿಲ್ 29, ಮಂಗಳವಾರ

ನಾಳೆ ಗಡುವು. ಮುದ್ರೆಯಣ್ಣ ಚೂರು ಮಾಡುವ ಯಂತ್ರಕ್ಕೆ ಎಣ್ಣೆ ಬಿಟ್ಟು ಸಜ್ಜು ಮಾಡುತ್ತಿದ್ದ. ನನ್ನ ಖಾನೆಯ ಕಡೆ ನೋಡದೆ, ಮೂರು ವರ್ಷ ವಿಚಾರಣೆ ಜಾಸ್ತಿಯಾಯಿತಮ್ಮ, ಕೊಲೆ ಕೇಸೂ ಅಷ್ಟು ಎಳೆಯಲ್ಲ ಎಂದ. ಇವನಿಗೆ ಮೊದಲಿನಿಂದಲೂ ಗೊತ್ತಿತ್ತು. ಎಲ್ಲರಿಗೂ ಎಲ್ಲ ಗೊತ್ತಿದೆ.

ಏಪ್ರಿಲ್ 30, ಬುಧವಾರ

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಹೋದ ಮೇಲೆ ಖಾನೆ ತೆಗೆದೆ. ಯಂತ್ರದ ಮುಂದೆ ಹೋಗಿ ನಿಂತೆ. ಹಾಕಿದರೆ ಮುಗಿಯಿತು, ಅಕ್ಕ ಜಡೆ ಮಾರಿದಳು ಎಂಬುದು ಸಾಯುವವರೆಗೆ ನನ್ನ ಪಾಲಿಗೆ ನಿಜವಾಗಿಯೇ ಉಳಿಯುತ್ತಿತ್ತು. ಅದು ಸುಳ್ಳಾಗಿದ್ದರೆ ಎಂಬ ಹೆದರಿಕೆಯೇ ಮೂರು ವರ್ಷ ಈ ಲಕೋಟೆಯನ್ನು ಮುಚ್ಚಿಟ್ಟಿದ್ದು ಎಂದು ಆಗ ಅನಿಸಿತು. ವಾಪಸು ಮೇಜಿಗೆ ಬಂದು, ನಿಯಮದಂತೆ, ಲಕೋಟೆಯ ಮೇಲಂಚನ್ನು ಚಾಕುವಿನಿಂದ ಬಿಡಿಸಿದೆ. ಒಂದೇ ಹಾಳೆ.

‘ಮರೀ,

ಜಡೆ ಯೆಲ್ಲಿ ಅಂತ ಕೇಳಿದೆ. ಆವತ್ತು ನನಗೆ ಬಾಯಿ ಬರಲಿಲ್ಲ. ಅಮ್ಮನಿಗೆ ಮಲಗಿ ಮಲಗಿ ಕೂದಲು ಗಂಟಾಗಿ ಹಿಂದೆ ಹುಣ್ಣಾಗಿತ್ತು. ತೆಗೆದುಬಿಡು ಅಂತ ಅವಳೇ ಹೇಳಿದಳು. ಚಿಕ್ಕವಳಿಗೆ ಹುಣ್ಣಿನ ವಿಷಯ ಹೇಳಬೇಡ, ಅವಳು ತಡಕೊಳ್ಳಲ್ಲ ಅಂತಲೂ ಅವಳೇ ಹೇಳಿದಳು. ಅದಕ್ಕೇ ನೀನು ಬಂದಾಗ ಸೆರಗು ಮುಚ್ಚಿಕೊಂಡು ಗೋಡೆ ಕಡೆ ತಿರುಗಿದ್ದು.

ಜಡೆ ನನ್ನ ಹತ್ತಿರ ಇದೆ. ಅಮ್ಮನ ಶಾಲಲ್ಲಿ ಸುತ್ತಿ ಇಟ್ಟಿದ್ದೇನೆ. ಯೆರಡು ಪಾಲು ಮಾಡೋಣ ಅಂತ ಕತ್ತರಿ ತಗೊಂಡೆ, ಆಗಲಿಲ್ಲ. ನೀನೇ ಇಟ್ಟುಕೋ. ನನ್ನ ಹತ್ತಿರ ಕತ್ತರಿಸಿದ್ದರ ನೆನ್ಪು ಇದೆ, ಅದು ಸಾಕು.

ಯೆಂದಾದರೂ ಬಾ.’

ಎರಡು ಸಲ ಓದಿದೆ. ಮೂರನೆಯ ಸಲ ಅಕ್ಷರ ಕಾಣಲಿಲ್ಲ. ಮೋಸದ ಗುರುತು ಸಿಗುತ್ತದೇನೋ ಎಂದು ಭೂತಗನ್ನಡಿ ಹಿಡಿದು ಕೂಡ ನೋಡಿದೆ. ಎಂಥ ಹೆಂಗಸು ನಾನು. ಒಂದು ಕಡೆಯೂ ಕೈ ತಡವರಿಸಿಲ್ಲ, ಒಂದು ಪದವನ್ನೂ ಹೊಡೆದುಹಾಕಿಲ್ಲ. ‘ನೆನ್ಪು’ ಎನ್ನುವಲ್ಲಿ ಮಾತ್ರ ಮಸಿ ಹರಡಿದೆ.

ಲಕೋಟೆ ಒಡೆದವರು ಸರಿಯಾದ ವಿಳಾಸವನ್ನು ನೀಲಿ ಪೆನ್ಸಿಲ್ಲಿನಲ್ಲಿ ಬರೆಯಬೇಕೆಂಬುದು ಕಟ್ಟಳೆ. ನನ್ನ ಮನೆಯ ವಿಳಾಸ ಬರೆದೆ. ರಿಜಿಸ್ಟರಿನಲ್ಲಿ ‘ವಿಚಾರಣೆಯಲ್ಲಿದೆ’ ಎಂಬುದರ ಮೇಲೆ ಗೆರೆ ಎಳೆದು ‘ಬಟವಾಡೆಯಾಗಿದೆ’ ಎಂದು ಬರೆದೆ. ಪಡೆದವರ ಸಹಿಯ ಜಾಗದಲ್ಲೂ ನಾನೇ ಸಹಿ ಹಾಕಿದೆ. ಮುದ್ರೆಯಣ್ಣ ಬಂದು ನೋಡಿ, ಠಪ್ಪೆಂದು ಮುದ್ರೆ ಒತ್ತಿದ.

ಮೇ 4, ಭಾನುವಾರ

ಹೋಗಿದ್ದೆ.

ಹನ್ನೊಂದು ನಿಲ್ದಾಣ, ಅಲ್ಲಿಂದ ನರ್ಸರಿಯ ಗೋಡೆ ಹಿಡಿದು ನಡೆದರೆ ಅವಳ ಮನೆ. ದಾರಿಯುದ್ದಕ್ಕೂ ಏನೇನೋ ಅನುಮಾನ. ಬಾಗಿಲು ತೆಗೆಯದಿದ್ದರೆ? ಎಲ್ಲರನ್ನೂ ಕೂರಿಸಿಕೊಂಡು, ನಾನು ಕೇಳಿದ ಹಾಗೇ ನನ್ನನ್ನು ಕೇಳಿದರೆ? ಜಡೆ ಇಲ್ಲವೇ ಇಲ್ಲದಿದ್ದರೆ? ಅಕ್ಕ ಅಂಗಳದಲ್ಲಿ ಕುಂಡಕ್ಕೆ ಮಣ್ಣು ತುಂಬುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿ ಎದ್ದು ನಿಂತಳು, ಮಣ್ಣಿನ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಹಿಂದಕ್ಕೆ ಕಟ್ಟಿಕೊಂಡಳು. ಬಂದೆಯಾ ಎಂದಳು. ಆಮೇಲೆ, ತಿರುಗು ನೋಡೋಣ ಎಂದಳು.

ನಾನು ತಿರುಗಲಿಲ್ಲ. ತಿರುಗಿದರೆ ಹೇಳಲಾಗುತ್ತಿರಲಿಲ್ಲ.

‘ಅವತ್ತು ಹಾಗೆ ಕೇಳಬಾರದಿತ್ತು ಅಕ್ಕ.’

‘ಕೇಳಿದ್ದಕ್ಕಲ್ಲ ಕಣೇ,’ ಎಂದಳು. ‘ನಾನು ಸಾಕಿದ ಕೂಸು, ಏನು ಬೇಕಾದ್ರೂ ಕೇಳು. ಎಲ್ಲರ ಮುಂದೆ ಕೇಳಿದ್ಯಲ್ಲ.’

ಅಷ್ಟೇ. ಒಳಗೆ ಕರೆದುಕೊಂಡು ಹೋಗಿ ಶಾಲಿನ ಗಂಟು ತಂದು ನನ್ನ ಮಡಿಲಿಗೆ ಹಾಕಿದಳು. ಬಿಚ್ಚಿದೆ. ಇದೆ. ಅದೇ ದಪ್ಪ, ತುದಿಯಲ್ಲಿ ಅಮ್ಮನ ಕಪ್ಪು ದಾರ ಕೂಡ ಹಾಗೇ ಇದೆ. ಮುಖಕ್ಕೆ ಒತ್ತಿಕೊಂಡು ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ಅಕ್ಕ ಬಾಣಲೆ ಒಲೆಗಿಟ್ಟಳು.

ಮೆಟ್ಟಿಲ ಮೇಲೆ ಅವಳು, ಕೆಳಗಿನ ಮೆಟ್ಟಿಲಲ್ಲಿ ನಾನು. ಮಡಿಲಲ್ಲಿ ಅಮ್ಮನ ಜಡೆ. ಇದರಿಂದ ನಿಜವಾಗಿ ಕೂದಲು ಬರುತ್ತದೆಯೇ ಎಂದು ಕೇಳಿದೆ. ಬಾಯಿಗೆ ಅನುಮಾನದ ಚಟ, ಬಿಡುವುದಿಲ್ಲ.

‘ಬರುತ್ತೋ ಇಲ್ವೋ ನಂಗೇನು ಗೊತ್ತು,’ ಎಂದಳು. ‘ನಿನ್ನ ತಲೆ ಮುಟ್ಟೋಕೆ ಬೇರೆ ನೆಪ ಸಿಗಲಿಲ್ಲ.’

ಉಗುರು ತಾಗದ ಹಾಗೆ, ಬೆರಳ ತುದಿಯಿಂದ, ಮೊದಲು ಯೆರಡು ಸುಳಿಯ ನಡುವೆ, ಆಮೇಲೆ ಸುತ್ತ. ನಾನು ಯಾವಾಗ ಅವಳ ಮೊಣಕಾಲಿಗೆ ಒರಗಿದೆನೋ ತಿಳಿಯಲಿಲ್ಲ.

ಈಗ ಮನೆಗೆ ಬಂದು ಬರೆಯುತ್ತಿದ್ದೇನೆ, ಇನ್ನೂ ಬೆಳಕಿದೆ. ಕುತ್ತಿಗೆಯವರೆಗೆ ಯೆಣ್ಣೆ ಇಳಿದಿದೆ, ಪುಟಕ್ಕೂ ತಾಗಿದೆ. ಮುಂದಿನ ಭಾನುವಾರ ಯೆರಡು ಗಂಟೆಯ ಬಸ್ಸಿಗೇ ಬಾ ಅಂದಿದ್ದಾಳೆ. ಇವರು ಬಾಗಿಲಲ್ಲಿ ನಿಂತು, ಇವತ್ತು ಯೆಷ್ಟು ಅಂತ ಕೇಳಿದರು. ಏನು ಯೆಷ್ಟು, ಅಂದೆ.